ಒಂದೇ ಸಂಸಾರ, ಐದು ಕಲಂ

ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಮೊದಲ ಪಾಸ್‌ಪೋರ್ಟಿನ ಯೋಗ ಬಂತು. ಶಾರ್ಜಾದಲ್ಲಿರುವ ತಮ್ಮ ವರ್ಷಗಳಿಂದ ಕರೆಯುತ್ತಿದ್ದ. ಅಡಿಕೆ ಕೊಯ್ಲು ಮುಗಿಯಲಿ, ಮಳೆ ಬಿಡಲಿ, ದನ ಕರು ಹಾಕಲಿ ಎಂದು ದಿನ ದೂಡುತ್ತಿದ್ದ ಅಮ್ಮ ಈ ಸಲ ಹೂಂ ಅಂದರು. ನಮ್ಮೂರು ಕಾಸರಗೋಡಿನ ಪೆರ್ಲ. ಇಲ್ಲಿನ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರದಲ್ಲಿ, ಅರ್ಜಿ ತುಂಬಿಸುತ್ತಿದ್ದ ಹುಡುಗಿ, "ಹುಟ್ಟಿದ ಜಿಲ್ಲೆ ಯಾವುದಮ್ಮಾ?" ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ಕಾಗದಗಳು ಮೂರು ಉತ್ತರ ಕೊಟ್ಟವು. ಅಜ್ಜನ ಜಾಗದ ದಸ್ತಾವೇಜಿನಲ್ಲಿ ಸೌತ್ ಕೆನರಾ ಜಿಲ್ಲೆ, ಮದ್ರಾಸ್. ಅಮ್ಮನ ಶಾಲೆಯ ಪತ್ರದಲ್ಲಿ ಕಣ್ಣಾನೂರು ಜಿಲ್ಲೆ. ರೇಶನ್ ಕಾರ್ಡಿನಲ್ಲಿ ಕಾಸರಗೋಡು. ಅಮ್ಮ ಮಾತ್ರ ಗಲಿಬಿಲಿಗೊಳ್ಳಲಿಲ್ಲ. "ನಾನು ಹುಟ್ಟಿದ್ದು ಇಲ್ಲೇ ತವರುಮನೆಯಲ್ಲಿ ಮಗಾ, ಇಲ್ಲಿಂದ ಕೂಗಿದರೆ ಕೇಳುತ್ತದೆ. ಜಿಲ್ಲೆ ಓಡಾಡಿದ್ದಕ್ಕೆ ನಾನೇನು ಮಾಡಲಿ?" ಎಂದರು.

ಓಡಾಡಿದ್ದು ಜಿಲ್ಲೆ ಮಾತ್ರವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಮದ್ರಾಸಿನಿಂದ ಕಳಚಿ ಕೇರಳಕ್ಕೆ ಸೇರಿತು. ಮೊದಲು ಮಲಬಾರ್ ಜಿಲ್ಲೆ, ಎರಡೇ ತಿಂಗಳಲ್ಲಿ ಕಣ್ಣಾನೂರು ಜಿಲ್ಲೆ, 1984ರ ಮೇ 24ರಿಂದ ನಮ್ಮದೇ ಕಾಸರಗೋಡು ಜಿಲ್ಲೆ. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು, ಆ ಮಾತು ಜಾರಿಗೆ ಬಾರದೆ ಉಳಿದದ್ದು ಎಲ್ಲರಿಗೂ ತಿಳಿದ ಕಥೆ. ಅದನ್ನು ಮತ್ತೆ ಬಿಡಿಸಲು ಹೊರಟಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ: ಗೆರೆ ಇಷ್ಟು ಸಲ ಜರುಗಿದರೂ ಅಮ್ಮನ ಪೌರತ್ವಕ್ಕೆ ಏನೂ ಆಗಲಿಲ್ಲ. ಅದೇ ಕಾಲದಲ್ಲಿ, ಇದೇ ಕರಾವಳಿಯ ಕೆಲವರು ಒಂದು ಹಡಗು ಹತ್ತಿದ್ದಕ್ಕೆ, ಒಂದು ಪುಸ್ತಕಕ್ಕೆ ಅರ್ಜಿ ಹಾಕಿದ್ದಕ್ಕೆ ಪರದೇಶಿಗಳಾದರು.

ಮೊದಲು ಸುಲಭದ ಗಂಟು ಬಿಡಿಸೋಣ. ಭಾರತದಲ್ಲಿ ರಾಜ್ಯದ ಪೌರತ್ವ ಎಂಬುದಿಲ್ಲ. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ, ಒಬ್ಬ ದೇಶದ ಪ್ರಜೆಯೂ ಹೌದು, ತಾನು ವಾಸಿಸುವ ರಾಜ್ಯದ ಪ್ರಜೆಯೂ ಹೌದು ಎನ್ನುತ್ತದೆ. ನಮ್ಮಲ್ಲಿ ಹಾಗಲ್ಲ. ಕಾನೂನಿನ ಕಣ್ಣಿಗೆ ವಾಸನೆಲೆಯೂ (ಡೊಮಿಸೈಲ್) ಒಂದೇ, ಅದು ಭಾರತ. ರಾಜ್ಯಕ್ಕೊಂದು ವಾಸನೆಲೆ ಎಂಬ ಮಾತೇ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು. ಹಾಗಾದರೆ ವಿಲೇಜ್ ಆಫೀಸಿನಿಂದ ತರುವ ನೇಟಿವಿಟಿ ಸರ್ಟಿಫಿಕೇಟ್? ಮಕ್ಕಳನ್ನು ಮಂಗಳೂರಿಗೋ ಬೆಂಗಳೂರಿಗೋ ಓದಲು ಕಳಿಸುವಾಗ ಹುಡುಕುವ ಗಡಿನಾಡು ಕನ್ನಡಿಗ ಪ್ರಮಾಣಪತ್ರ? ಅವು ಸೀಟಿನ, ಸವಲತ್ತಿನ ಲೆಕ್ಕ. ದೇಶಕ್ಕೆ ನೀವು ಯಾರು ಎಂಬ ಪ್ರಶ್ನೆಗೂ ಅವಕ್ಕೂ ಸಂಬಂಧವಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ಹಿಂತಿರುಗಿದಾಗ ನಾವೆಲ್ಲ ನಿಜವಾದ ಗಡಿ ಎಂದರೇನು ಎಂದು ಕೆಲವು ವಾರ ಅನುಭವಿಸಿದೆವು. ಆದರೆ ಆಗ ಹೈಕೋರ್ಟಿಗೆ ಹೋಗಿ ಕೇಳಲು ನಮಗೆ ಬಾಯಿ ಇತ್ತು. ದೇಶದೊಳಗೆ ಎಲ್ಲಿಗಾದರೂ ಹೋಗುವ, ಎಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ಪೌರರಿಗೆ ಕೊಟ್ಟಿದೆ. ಪೌರರಲ್ಲದವರಿಗೆ ಈ ಹಕ್ಕಿಲ್ಲ. ಆದರೆ ಸಮಾನತೆ, ಜೀವದ ಹಕ್ಕಿನಂಥವು ಯಾರಿಗಾದರೂ ಉಂಟು.

ಕನ್ನಡದಲ್ಲಿ ನಾವು 'ಪ್ರಜೆ' ಎಂಬ ಪದವನ್ನು ಧಾರಾಳವಾಗಿ ಬಳಸುತ್ತೇವೆ. ಅದಕ್ಕೆ ಸಂತಾನ ಎಂಬ ಅರ್ಥವೂ ಇದೆ, ರಾಜನ ಆಳ್ವಿಕೆಗೆ ಒಳಪಟ್ಟವನು ಎಂಬ ಅರ್ಥವೂ ಇದೆ. 'ಪೌರ' ಎಂದರೆ ಪುರದವನು, ಹಕ್ಕುಳ್ಳವನು. ಇತಿಹಾಸ ಹಿಡಿದ ದಾರಿಯೂ ಹೆಚ್ಚುಕಡಿಮೆ ಇದೇ: ಮೊದಲು ಪ್ರಜೆ, ಆಮೇಲೆ ಪೌರ. ಇಂಗ್ಲೆಂಡಿನಲ್ಲಿ 1608ರ ಕ್ಯಾಲ್ವಿನ್ ಪ್ರಕರಣದಲ್ಲಿ ನ್ಯಾಯಾಧೀಶರು, ಅರಸನ ಆಳ್ವಿಕೆಯ ನೆಲದಲ್ಲಿ ಹುಟ್ಟಿದವನು ಅರಸನ ಪ್ರಜೆ ಎಂದರು. ನೆಲದ ಹಕ್ಕಿನ ಬೇರು ಅಲ್ಲಿದೆ. 1804ರಲ್ಲಿ ನೆಪೋಲಿಯನ್ನನ ಸಂಹಿತೆ ಬೇರೆ ದಾರಿ ಹಿಡಿಯಿತು: ಅಪ್ಪ ಫ್ರೆಂಚನಾದರೆ ಮಗು ಎಲ್ಲಿ ಹುಟ್ಟಿದರೂ ಫ್ರೆಂಚ್. ಇದು ರಕ್ತದ ಹಕ್ಕು. ಲೋಕದ ಹೆಚ್ಚಿನ ಪೌರತ್ವ ಕಾನೂನುಗಳು ಈ ಎರಡರ ಬೆರಕೆಯೇ. ಯಾವುದು ಎಷ್ಟು ಪಾಲು ಎಂಬುದರಲ್ಲೇ ಜಗಳ.

ನನ್ನ ಅಜ್ಜ 1921ರಲ್ಲಿ ಹುಟ್ಟಿದವರು. ಕಾಗದದ ಮೇಲೆ ಅವರು ಲಂಡನ್ನಿನ ಅಂಗಡಿಕಾರನ ಹಾಗೆಯೇ ಬ್ರಿಟಿಷ್ ಪ್ರಜೆ. ತಮಾಷೆಯೆಂದರೆ, ಮೈಸೂರಿನವರಾಗಲಿ ತಿರುವಾಂಕೂರಿನವರಾಗಲಿ ಹಾಗಿರಲಿಲ್ಲ. ಅವರು ಸಂಸ್ಥಾನದವರು, 'ಬ್ರಿಟಿಷ್ ರಕ್ಷಣೆಯಲ್ಲಿರುವವರು' ಎಂಬ ಬೇರೆ ಪಟ್ಟಿ. ನಮ್ಮ ಈಗಿನ ರಾಜಧಾನಿ ತಿರುವನಂತಪುರದವನೂ, ನಾವು ಸೇರಬೇಕೆಂದು ಹಂಬಲಿಸಿದ ಬೆಂಗಳೂರಿನ ಪೇಟೆಯವನೂ ಆಗಿನ ಕಾನೂನಿನಲ್ಲಿ ಪೆರ್ಲದ ರೈತನಿಂದ ಬೇರೆ ಜಾತಿ!

ಈ 'ಸಮಾನ ಪ್ರಜೆ' ಎಂಬ ಮಾತು ಎಷ್ಟು ಗಟ್ಟಿ ಎಂಬುದು 1914ರಲ್ಲಿ ವ್ಯಾಂಕೂವರಿನ ಬಂದರಿನಲ್ಲಿ ಬಯಲಾಯಿತು. ಕೆನಡಾ 1908ರಲ್ಲೇ ಒಂದು ನಿಯಮ ಮಾಡಿತ್ತು: ವಲಸೆ ಬರುವವರು ತಮ್ಮ ದೇಶದಿಂದ ನಡುವೆ ಹಡಗು ಬದಲಿಸದೆ ನೇರವಾಗಿ ಬರಬೇಕು. ಭಾರತೀಯರಿಗೆ ಪ್ರವೇಶವಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಭಾರತದಿಂದ ನೇರ ಹಡಗೇ ಇರಲಿಲ್ಲ. ಕೊಮಗಟ ಮರು ಎಂಬ ಹಡಗಿನಲ್ಲಿ ಬಂದ 376 ಮಂದಿ ಬ್ರಿಟಿಷ್ ಪ್ರಜೆಗಳನ್ನು ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಬೆರಳೆಣಿಕೆಯವರನ್ನು ಇಳಿಸಿಕೊಂಡು ಉಳಿದವರನ್ನು ಹಿಂದಕ್ಕೆ ಅಟ್ಟಿದರು. ಕಲ್ಕತ್ತೆಯ ಬಳಿ ಇಳಿದವರ ಮೇಲೆ ಗುಂಡು ಹಾರಿತು. ಕಾನೂನು ಹೆಸರು ಹೇಳದೆ ಯಾರನ್ನು ಹೊರಗಿಡುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಅಮೆರಿಕಕ್ಕೆ ಅಷ್ಟು ನಾಚಿಕೆಯೂ ಇರಲಿಲ್ಲ. 1882ರ ಕಾನೂನು ಚೀನೀ ಕೆಲಸಗಾರರನ್ನು ಹೆಸರು ಹಿಡಿದೇ ಹೊರಗಿಟ್ಟಿತು.

ಪಾಸ್‌ಪೋರ್ಟ್ ಈಗಿನ ಪುಸ್ತಕದ ರೂಪಕ್ಕೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಯುದ್ಧಕ್ಕೆ ಮುಂಚೆ ಯುರೋಪಿನ ಬಹುಭಾಗದಲ್ಲಿ ಕಾಗದವಿಲ್ಲದೆ ತಿರುಗಬಹುದಿತ್ತು. ಯುದ್ಧಕಾಲದ ಗೂಢಚಾರರ ಭಯ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸಿನಲ್ಲಿ ಸೇರಿದ ದೇಶಗಳು ಪುಸ್ತಕದ ಮಾದರಿ ನಿಗದಿ ಮಾಡಿದವು. ಅದೇ ವರ್ಷ ಭಾರತಕ್ಕೂ ಪಾಸ್‌ಪೋರ್ಟ್ ಕಾನೂನು ಬಂತು. 1930ರಲ್ಲಿ ಹೇಗ್ ನಗರದ ಒಪ್ಪಂದ ಇನ್ನೊಂದು ಮಾತನ್ನು ಖಚಿತಪಡಿಸಿತು: ಯಾರು ತನ್ನ ಪೌರರು ಎಂದು ನಿರ್ಧರಿಸುವುದು ಆಯಾ ದೇಶದ ಕಾನೂನು. ಕೇಳಲು ನ್ಯಾಯವೇ. ಆದರೆ ಎರಡು ದೇಶಗಳು ತಮ್ಮ ತಮ್ಮ ಕಾನೂನನ್ನು ಬೇರೆ ಬೇರೆ ಕೂತು ಬರೆದರೆ, ನಡುವೆ ಸಂದು ಬಿಡುತ್ತದೆ. ಆ ಸಂದಿಗೆ ಬಿದ್ದವರಿಗೆ ಯಾವ ದೇಶವೂ ಇಲ್ಲ.

ನಮ್ಮ ಉಪಖಂಡದಲ್ಲಿ ಆ ಸಂದು 1947ರಲ್ಲಿ ಬಿಟ್ಟುಕೊಂಡಿತು. ಪೌರತ್ವದ ವಿಧಿಯಷ್ಟು ತಲೆನೋವು ಕರಡು ಸಮಿತಿಗೆ ಇನ್ನೊಂದು ವಿಧಿಯನ್ನು ಬಿಟ್ಟರೆ ಬೇರಾವುದೂ ಕೊಟ್ಟಿಲ್ಲ ಎಂಬರ್ಥದ ಮಾತನ್ನು ಅಂಬೇಡ್ಕರ್ 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಆಡಿದ್ದರು. ಅವಸರ ಎಷ್ಟಿತ್ತೆಂದರೆ, ಸಂವಿಧಾನದ ಉಳಿದ ಬಹುಭಾಗ 1950ರ ಜನವರಿ 26ರ ತನಕ ಕಾದರೂ, ಪೌರತ್ವದ 5ರಿಂದ 9ನೇ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಅಂದು ನನ್ನ ಅಜ್ಜ 5ನೇ ವಿಧಿಯ ಪ್ರಕಾರ ಭಾರತದ ಪೌರರಾದರು: ಹುಟ್ಟಿದ್ದು ಈ ನೆಲದಲ್ಲಿ, ನೆಲೆಯೂ ಇಲ್ಲಿಯೇ. ಅವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ಅದೇ 1949ರಲ್ಲಿ ಮಂಜೇಶ್ವರದ ಗೋವಿಂದ ಪೈಗಳಿಗೆ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತ್ತು. 1883ರಲ್ಲಿ ಬ್ರಿಟಿಷ್ ಪ್ರಜೆಯಾಗಿ ಹುಟ್ಟಿದ ಅವರು 1963ರಲ್ಲಿ ತೀರಿಕೊಳ್ಳುವಾಗ ಭಾರತದ ಪೌರ, ಊರು ಕೇರಳ.

ಗೋವಿಂದ ಪೈಗಳಂತೆ ಊರಿನಲ್ಲೇ ಇದ್ದವರಿಗೆ ಇದೆಲ್ಲ ತಂತಾನೆ ಆಯಿತು. ಊರು ಬಿಟ್ಟವರ ಪಾಡು ಬೇರೆ. ವಿಭಜನೆಗೆ ಮುಂಚಿನಿಂದಲೂ ಮಲಬಾರ್ ಕರಾವಳಿಯ ಮಾಪಿಳ್ಳೆ ಮುಸ್ಲಿಮರು ಹೊಟ್ಟೆಪಾಡಿಗೆ ಕರಾಚಿಗೆ ಹೋಗುತ್ತಿದ್ದರು. ಅಲ್ಲಿನ ಚಹಾದಂಗಡಿ, ಹೋಟೆಲುಗಳಲ್ಲಿ ಮಲಬಾರಿಗಳದ್ದೇ ಕೈ. ಆಗ ಕರಾಚಿಯೆಂದರೆ ಬೊಂಬಾಯಿಯ ಹಾಗೆ ಇನ್ನೊಂದು ದೊಡ್ಡ ಪೇಟೆ, ಅಷ್ಟೇ. ದೇಶ ಒಡೆದಾಗ ಅವರು ಪಾಕಿಸ್ತಾನವನ್ನು ಆರಿಸಿಕೊಂಡು ಹೋದವರಲ್ಲ. ಕೆಲಸದಲ್ಲಿ ಇದ್ದಲ್ಲೇ ಇದ್ದರು, ದೇಶ ಅವರ ಕಾಲಡಿಯಲ್ಲಿ ಬದಲಾಯಿತು. 1948ರ ಜುಲೈಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಬೇಕು ಎಂದಾಯಿತು. 1952ರ ಅಕ್ಟೋಬರಿನಿಂದ ಪಾಸ್‌ಪೋರ್ಟ್, ವೀಸಾ. ಹಬ್ಬಕ್ಕೆ, ಮದುವೆಗೆ, ತಾಯಿಯ ಮುಖ ನೋಡಲು ಊರಿಗೆ ಬರಬೇಕಾದವನು ಏನು ಮಾಡಬೇಕು? ಕೈಗೆ ಸಿಕ್ಕ ಪುಸ್ತಕ ಪಾಕಿಸ್ತಾನದ್ದು. ಅದನ್ನೇ ಹಿಡಿದು, ಭಾರತದ ವೀಸಾ ಒತ್ತಿಸಿಕೊಂಡು, ತನ್ನದೇ ಮನೆಗೆ ಅತಿಥಿಯಾಗಿ ಬಂದ.

1955ರ ಪೌರತ್ವ ಕಾಯ್ದೆಯ 9ನೇ ಕಲಂ ಇಲ್ಲಿ ಅಡ್ಡ ನಿಂತಿತು. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವನು ಭಾರತದ ಪೌರನಲ್ಲ ಎನ್ನುತ್ತದೆ ಅದು. ಪಡೆದಿದ್ದಾನೆ ಎಂದು ತಿಳಿಯುವುದು ಹೇಗೆ? 1956ರ ನಿಯಮಗಳ ಪ್ರಕಾರ ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿದ್ದರೆ ಅದೇ ಅಂತಿಮ ಸಾಕ್ಷಿ, ಮರುಮಾತಿಲ್ಲ. ನಾನು ಮನಸಾರೆ ಅಲ್ಲಿಯವನಾಗಲಿಲ್ಲ, ಊರಿಗೆ ಬರಲು ಬೇರೆ ದಾರಿಯಿರಲಿಲ್ಲ ಎಂಬ ವಾದಕ್ಕೆ ಜಾಗವೇ ಇಲ್ಲ. ಈ ನಿಯಮ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1962ರಲ್ಲಿ ಇಝಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಬಹುಮತದ ತೀರ್ಪು ನಿಯಮವನ್ನು ಎತ್ತಿಹಿಡಿಯಿತು. ಹೀಗೆ ಮಲಬಾರಿನ ಹಳ್ಳಿಗಳಲ್ಲಿ ಮನೆ, ಹೆಂಡತಿ, ಮಕ್ಕಳು ಎಲ್ಲ ಇರುವ ಎಷ್ಟೋ ಮುದುಕರು ಪೊಲೀಸ್ ದಾಖಲೆಯಲ್ಲಿ 'ಪಾಕ್ ಪೌರರು' ಎಂದೇ ಉಳಿದು, ದಶಕಗಳ ಕಾಲ ಗಡೀಪಾರಿನ ಹೆದರಿಕೆಯಲ್ಲಿ ಬದುಕಿದರು. ಪ್ರಯಾಣಕ್ಕೆ ಹುಟ್ಟಿದ ಪುಸ್ತಕವೊಂದು ಮನುಷ್ಯನ ಮನಸ್ಸಿಗೇ ಸಾಕ್ಷಿಯಾಗಿ ನಿಂತದ್ದು ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ಕ್ರೂರ ಭಾಗ.

ಎರಡನೆಯ ಸಂದು ಕಾಣಬೇಕಾದರೆ ದೂರ ಹೋಗಬೇಕಿಲ್ಲ. ಚೆರ್ಕಳದಿಂದ ಮುಳ್ಳೇರಿಯ ದಾಟಿ ಜಾಲ್ಸೂರಿನ ದಾರಿಯಾಗಿ ಸುಳ್ಯಕ್ಕೆ ಹೋದರೆ, ಆ ಸುತ್ತಿನ ರಬ್ಬರ್ ತೋಟಗಳಲ್ಲಿ ತಮಿಳು ಮಾತು ಕೇಳುತ್ತದೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳವು. ಅಲ್ಲಿ ಹಾಲು ತೆಗೆಯುವವರು, ಅಂದರೆ ರಬ್ಬರ್ ಟ್ಯಾಪಿಂಗ್ ಮಾಡುವವರು, ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕೆಯಿಂದ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು.

ಇವರ ಹಿರಿಯರನ್ನು ಬ್ರಿಟಿಷರು ಕಾಫಿ, ಚಹಾ ತೋಟಗಳಿಗೆಂದು ತಮಿಳುನಾಡಿನಿಂದ ಸಿಲೋನಿಗೆ ಸಾಗಿಸಿದ್ದರು. 1948ರಲ್ಲಿ ಸಿಲೋನ್ ಸ್ವತಂತ್ರವಾದ ವರ್ಷವೇ ಪೌರತ್ವ ಕಾಯ್ದೆ ಮಾಡಿತು. ಅದರ ಪ್ರಕಾರ ನೀವು ಸಿಲೋನಿನಲ್ಲಿ ಹುಟ್ಟಿದರೆ ಸಾಲದು. ನಿಮ್ಮ ಅಪ್ಪ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪನ ಅಪ್ಪನೂ ಅವರಪ್ಪನೂ ಅಲ್ಲಿ ಹುಟ್ಟಿರಬೇಕು. ಜನನ ದಾಖಲೆಯೇ ಇಲ್ಲದೆ ತೋಟದ ಲೈನ್ ಮನೆಗಳಲ್ಲಿ ಬೆಳೆದವರು ಮುತ್ತಜ್ಜನ ಹುಟ್ಟಿಗೆ ಎಲ್ಲಿಂದ ಕಾಗದ ತಂದಾರು? ಭಾರತವೂ ಇವರನ್ನು ತನ್ನವರೆನ್ನಲಿಲ್ಲ. ಲಕ್ಷಗಟ್ಟಲೆ ಜನ ಯಾವ ದೇಶಕ್ಕೂ ಸೇರದೆ ಚಹಾ ಎಲೆ ಕೀಳುತ್ತ ಹದಿನಾರು ವರ್ಷ ಕಳೆದರು. ಕೊನೆಗೆ 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಬಂದರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯ ಮಾತು ಮುಂದಕ್ಕೆ ಹೋಯಿತು. ಹತ್ತು ವರ್ಷದ ಮೇಲೆ, 1974ರಲ್ಲಿ, ಇಂದಿರಾ ಗಾಂಧಿಯವರ ಕಾಲದಲ್ಲಿ ಅವರನ್ನೂ ಸಮಪಾಲು ಮಾಡಿಕೊಂಡರು, ತಲಾ 75,000. ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಳ್ಳುವಾಗಲೂ ಮರ ನೋಡಿ ಎಣಿಸುತ್ತಾರೆ. ಇಲ್ಲಿ ಮೊದಲು ಸಂಖ್ಯೆ, ಆಮೇಲೆ ಮುಖ.

ಹೀಗೆ ಲಂಕೆಯ ಕ್ಯಾಂಡಿಯಲ್ಲಿ ಭಾರತದ ಪೌರರೆಂದು ನೋಂದಣಿಯಾಗಿ, ಎಂದೂ ನೋಡಿರದ 'ತಾಯ್ನಾಡಿಗೆ' ಬಂದವರಲ್ಲಿ ಕೆಲವರ ಪಾಲಿಗೆ ಸುಳ್ಯ, ಪುತ್ತೂರಿನ ರಬ್ಬರ್ ಬಂತು. ಊರವರು ಇವರನ್ನು ಇಂದಿಗೂ ನಿರಾಶ್ರಿತರು ಎನ್ನುವುದುಂಟು. ಅದು ತಪ್ಪು. ಲಂಕೆಯಲ್ಲಿ 1983ರ ತಮಿಳು ವಿರೋಧಿ ಗಲಭೆಯ ನಂತರ ದೋಣಿಯಲ್ಲಿ ರಾಮೇಶ್ವರಕ್ಕೆ ಬಂದವರು ನಿರಾಶ್ರಿತರು. ಇವರು ಎರಡು ಸರಕಾರಗಳ ಸಹಿಯೊಂದಿಗೆ ಬಂದ ಪೌರರು. ಬಾಯಿಮಾತಿನ ಈ ಅದಲುಬದಲಿನಲ್ಲಿ ಹಕ್ಕುಗಳು ಕಳೆದುಹೋಗುತ್ತವೆ. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಹಾಗಾಗಿ ಆ ಪದಕ್ಕೆ ನಮ್ಮಲ್ಲಿ ಅನುಕಂಪದ ತೂಕ ಇದೆಯೇ ಹೊರತು ಕಾನೂನಿನ ತೂಕ ಇಲ್ಲ.

ಇನ್ನು ಗಲ್ಫ್. ಕಾಸರಗೋಡಿನಲ್ಲಿ ಕಫೀಲ್ (ಪ್ರಾಯೋಜಕ), ಅರಬಾಬ್ (ಮಾಲೀಕ), ಇಕಾಮಾ (ವಾಸದ ಪರವಾನಗಿ) ಎಂಬ ಪದಗಳು ಗೊತ್ತಿಲ್ಲದ ಮನೆ ಕಡಿಮೆ. ಅಲ್ಲಿನ ಕಾನೂನಿನ ತಿರುಳು ಇಷ್ಟು: ನೀವು ಅಲ್ಲಿರುವುದು ಒಬ್ಬ ಪ್ರಾಯೋಜಕನ ಹೊಣೆಯಲ್ಲಿ, ಕೆಲಸ ಇರುವ ತನಕ. ಇದೇ ಕಫಾಲಾ ಪದ್ಧತಿ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಬೇಡ ಎಂದಿತು. ಇತರ ದೇಶಗಳಲ್ಲೂ ಸಡಿಲಿಕೆಗಳಾಗಿವೆ. ಆದರೆ ಮೂವತ್ತು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರ ಅಲ್ಲಿಯ ಪೌರನಾಗುವುದಿಲ್ಲ, ಅಲ್ಲಿ ಹುಟ್ಟಿದ ಮಗುವೂ ಆಗುವುದಿಲ್ಲ. ಅಲ್ಲಿ ನೆಲಕ್ಕೆ ಬೆಲೆಯಿಲ್ಲ, ರಕ್ತವೇ ಎಲ್ಲ.

ಭಾರತದ ಕಡೆಯಿಂದಲೂ ಹೊರಹೋಗುವವರಿಗೆ ಒಂದು ತಡೆಗಂಬ ಇದೆ. 1917ರಲ್ಲಿ ಕರಾರು ಕೂಲಿಗಳ ಸಾಗಾಟ ನಿಂತ ಮೇಲೆ 1922ರಲ್ಲಿ ಬಂದ ವಲಸೆ ಕಾಯ್ದೆ, 1983ರಲ್ಲಿ ಹೊಸದಾಗಿ ಬಂತು. ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂಬ ಗುರುತು ಇದ್ದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಅನುಮತಿ ಪಡೆಯಬೇಕು. ಹತ್ತನೇ ತರಗತಿ ಪಾಸಾದವರಿಗೆ ಬೇಡ, ಐವತ್ತು ದಾಟಿದವರಿಗೂ ಬೇಡ. ಹತ್ತನೆಯ ಮೆಟ್ಟಿಲು ಹತ್ತದ ಅಮ್ಮ ವಯಸ್ಸಿನ ಬಲದಿಂದ ಪಾರಾದರು. ಅಂದಹಾಗೆ, ಪಾಸ್‌ಪೋರ್ಟ್ ಸರಕಾರದ ಕೃಪೆಯಲ್ಲ, ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಆ ತೀರ್ಪಿನ ಬಿಸಿಗೇ ಆ ವರ್ಷ ಈಗಿನ ಪಾಸ್‌ಪೋರ್ಟ್ ಕಾಯ್ದೆ ಹುಟ್ಟಿದ್ದು.

ಈಗ ನಮ್ಮ ಸಂಸಾರದ ಲೆಕ್ಕ. ಅಜ್ಜ ಸಂವಿಧಾನದ 5ನೇ ವಿಧಿಯಲ್ಲಿ ಪೌರರಾದರು. 1952ರಲ್ಲಿ ಹುಟ್ಟಿದ ಅಮ್ಮ, 1975ರಲ್ಲಿ ಹುಟ್ಟಿದ ನಾನು 1955ರ ಕಾಯ್ದೆಯ 3ನೇ ಕಲಮಿನ ಮೊದಲ ಭಾಗದವರು: ಭಾರತದಲ್ಲಿ ಹುಟ್ಟಿದರೆ ಸಾಕು, ಅಪ್ಪ ಅಮ್ಮ ಯಾರೆಂದು ಕೇಳುವಂತಿಲ್ಲ. ಈ ಔದಾರ್ಯ 1987ರ ಜುಲೈ 1ಕ್ಕೆ ಮುಗಿಯಿತು. ಅಸ್ಸಾಮಿನ ಚಳವಳಿ, 1985ರ ಅಸ್ಸಾಂ ಒಪ್ಪಂದ, ಲಂಕೆಯಿಂದ ಬರುತ್ತಿದ್ದ ಜನ, ಇವೆಲ್ಲ ಸೇರಿ ಕಾನೂನನ್ನು ಬಿಗಿಗೊಳಿಸಿದವು. ಅಂದಿನಿಂದ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪೌರರಿರಬೇಕು. 2003ರಲ್ಲಿ ಹುಟ್ಟಿದ ನನ್ನ ಮಗಳು ಆ ಎರಡನೆಯ ಭಾಗದವಳು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಪೌರರಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 2007ರಲ್ಲಿ ಹುಟ್ಟಿದ ಮಗ ಮೂರನೆಯ ಭಾಗಕ್ಕೆ ಬಿದ್ದ. ಅಕ್ಕ ತಮ್ಮ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದವರು. ಅವಳು ಪೌರಳು ಎನ್ನಲು ನಾನೊಬ್ಬ ಸಾಕಿತ್ತು, ಅವನಿಗೆ ನಾವಿಬ್ಬರೂ ಲೆಕ್ಕಕ್ಕೆ ಬರಬೇಕು. ನೆಲದ ಹಕ್ಕಿನಿಂದ ಹೊರಟ ದೇಶ ಹದಿನೇಳು ವರ್ಷಗಳಲ್ಲಿ ಎರಡು ಹೆಜ್ಜೆ ಇಟ್ಟು ರಕ್ತದ ಹಕ್ಕಿನ ಹತ್ತಿರ ಬಂದು ನಿಂತಿತು. ನಾವೊಬ್ಬರೇ ಅಲ್ಲ, ನೆಲದ ಹಕ್ಕಿನ ತವರಾದ ಬ್ರಿಟನ್ ಕೂಡ 1983ರ ಜನವರಿ 1ರಿಂದ ಅದನ್ನು ಬೇಷರತ್ತಾಗಿ ಕೊಡುವುದನ್ನು ಬಿಟ್ಟಿತು.

ಐದನೆಯ ಬಗೆಯವನು ತಮ್ಮನ ಮಗ, 2010ರಲ್ಲಿ ಶಾರ್ಜಾದಲ್ಲಿ ಹುಟ್ಟಿದವನು. ಅವನದು 4ನೇ ಕಲಂ, ವಂಶದ ಮೂಲಕ ಪೌರತ್ವ. 1992ರ ಡಿಸೆಂಬರ್ 10ಕ್ಕಿಂತ ಮುಂಚೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಪೌರತ್ವವೊಂದೇ ಲೆಕ್ಕ, ಅಮ್ಮನದ್ದು ಲೆಕ್ಕಕ್ಕಿಲ್ಲ. ಆಮೇಲೆ ಇಬ್ಬರಲ್ಲಿ ಯಾರಾದರೂ ಆದೀತು ಎಂದಾಯಿತು. ಆದರೆ 2004ರ ಡಿಸೆಂಬರಿನ ನಂತರ ಒಂದು ಕೊಕ್ಕೆ ಸೇರಿತು: ಹುಟ್ಟಿ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರಕಾರದ ಅನುಮತಿ. ಗಲ್ಫಿನಲ್ಲಿ ಇದನ್ನು ಮರೆತರೆ ಅಪಾಯ, ಯಾಕೆಂದರೆ ಹುಟ್ಟಿದ ನೆಲ ಕೊಡುವುದಿಲ್ಲ, ಅಪ್ಪನ ನೆಲ ಕಾಗದ ಕೇಳುತ್ತದೆ. ಹೇಗ್ ಒಪ್ಪಂದದ ಹಿಂದಿದ್ದ ಸಂದು ಇದೇ. ಅದು ಇನ್ನೂ ಮುಚ್ಚಿಲ್ಲ. ಗಲ್ಫಿನಲ್ಲಿ ಮಕ್ಕಳಿರುವ ನೆರೆಹೊರೆಯವರಿಗೆಲ್ಲ ಈ ಒಂದು ವರ್ಷದ ಮಾತನ್ನು ನಾನು ಬೇಸರ ಬರುವಷ್ಟು ಹೇಳುತ್ತಿರುತ್ತೇನೆ.

2019ರ ತಿದ್ದುಪಡಿಯ ಬಗ್ಗೆ ಗದ್ದಲ ಎಲ್ಲರೂ ಕೇಳಿದ್ದಾರೆ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಕಾಗದವಿಲ್ಲದೆ ಬಂದಿದ್ದರೂ ಅಕ್ರಮ ವಲಸಿಗರಲ್ಲ ಎಂದಿತು ಅದು. ನಿಯಮಗಳು 2024ರ ಮಾರ್ಚಿನಲ್ಲಿ ಬಂದವು. ಧರ್ಮವನ್ನು ಅಳತೆಗೋಲು ಮಾಡಿದ್ದಕ್ಕೆ ವಿರೋಧ ಎದ್ದಿತು, ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಹೋದವು. ರಬ್ಬರ್ ತೋಟಗಳ ಪಕ್ಕದಲ್ಲಿರುವ ನನಗೆ ಎದ್ದು ಕಂಡದ್ದು ಇನ್ನೊಂದು: ಪಟ್ಟಿಯಲ್ಲಿ ಲಂಕೆ ಇಲ್ಲ. ದೋಣಿಯಲ್ಲಿ ಬಂದು ದಶಕಗಳಿಂದ ತಮಿಳುನಾಡಿನ ಶಿಬಿರಗಳಲ್ಲಿರುವವರು, ಹಿಂದೂಗಳಾದರೂ, ಲೆಕ್ಕದಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆ, 1920ರ ಪಾಸ್‌ಪೋರ್ಟ್ ಕಾಯ್ದೆ ಮುಂತಾದವನ್ನು ರದ್ದು ಮಾಡಿ 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಳೆಯದರ ಒಂದು ಗುಣ ಹೊಸದರಲ್ಲೂ ಇದೆ: ನಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ ಆ ಮನುಷ್ಯನದ್ದೇ. ಆಧಾರ್ ತೋರಿಸಿದರೆ ಸಾಲದೇ ಎಂದು ಕೇಳುವವರಿಗೆ, ಆಧಾರ್ ಪೌರತ್ವದ ಸಾಕ್ಷಿಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಅಜ್ಜನ ದಸ್ತಾವೇಜನ್ನು ಗೆದ್ದಲಿನಿಂದ ಕಾಪಾಡಲು ನಾನು ಈಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿರುವುದು ಇದಕ್ಕೇ.

ಅಮ್ಮನ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಜಗಲಿಯಲ್ಲಿ ಕುಳಿತು ಕನ್ನಡಕ ಏರಿಸಿಕೊಂಡು, ನನ್ನಿಂದ ಒಂದೊಂದೇ ಸಾಲು ಓದಿಸಿದರು. ಹೆಸರು ಸರಿ, ತಾರೀಕು ಸರಿ. ಹುಟ್ಟಿದ ಸ್ಥಳ: ಪೆರ್ಲ, ಕೇರಳ. 1952ರಲ್ಲಿ ಕೇರಳ ಎಂಬ ರಾಜ್ಯವೇ ಇರಲಿಲ್ಲ ಎಂದು ನಾನು ಹೇಳಿದೆ. ಅಮ್ಮ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, ಪೆರ್ಲ ಎಂದು ಸರಿಯಾಗಿ ಬರೆದಿದ್ದಾರಲ್ಲ ಎಂದು ಎದ್ದು ಹೋಗಿ ಕಪಾಟಿನಲ್ಲಿ ದಸ್ತಾವೇಜಿನ ಪಕ್ಕ ಇಟ್ಟು ಬಂದರು.